ಕಿಟಕಿಗಳ ಮನೆಗೆ ಬಂದ ಸೇಬು

"ಮಗ ಏನು ಮಾಡುತ್ತಾನೆ?" ಎಂದು ಯಾರಾದರೂ ಕೇಳಿದರೆ "ಕಂಪ್ಯೂಟರ್ ಕಂಪನಿಯಲ್ಲಿದ್ದಾನೆ" ಎಂದು ಮಾತು ಮುಗಿಸುವ ಅಪ್ಪ ಅಮ್ಮಂದಿರೇ ಹೆಚ್ಚು. ಕೇಳಿದವರು ಅಲ್ಲಿಗೇ ಬಿಡದಿದ್ದರೆ "ಅಲ್ಲಿ ಸಿಸ್ಟಂ ಎಲ್ಲ ನೋಡಿಕೊಳ್ಳುತ್ತಾನೆ" ಎನ್ನುತ್ತಾರೆ. ತೋಟ ನೋಡಿಕೊಳ್ಳುವುದು ಗೊತ್ತು, ದನ ನೋಡಿಕೊಳ್ಳುವುದು ಗೊತ್ತು. ಸಾವಿರ ಕಂಪ್ಯೂಟರುಗಳನ್ನು ನೋಡಿಕೊಳ್ಳುವುದು ಎಂದರೇನು? ಅದರಲ್ಲೂ ಒಂಬೈನೂರು ಒಂದು ತಳಿಯವು, ಉಳಿದ ನೂರು ಇನ್ನೊಂದು ತಳಿಯವು ಆಗಿದ್ದರೆ? ಎಂಜಿನಿಯರಿಂಗ್ ಮುಗಿಸಿದ ಎಷ್ಟೋ ಹುಡುಗ ಹುಡುಗಿಯರಿಗೆ ಅನ್ನ ಕೊಡುತ್ತಿರುವ ಕೆಲಸ ಇದು. ಆದರೆ ಕಾಲೇಜಿನ ಪಠ್ಯದಲ್ಲಿ ಇದರ ಸುಳಿವು ಅಷ್ಟಾಗಿ ಸಿಗುವುದಿಲ್ಲ.

ಹೆಚ್ಚಿನ ದೊಡ್ಡ ಕಚೇರಿಗಳಲ್ಲಿರುವುದು ಮೈಕ್ರೋಸಾಫ್ಟ್‌ನ ವಿಂಡೋಸ್. ಅಂಥ ಕಚೇರಿಯನ್ನು ಹಿಂದಿನ ಅವಿಭಕ್ತ ಕುಟುಂಬಕ್ಕೆ ಹೋಲಿಸಬಹುದು. ನಡುಮನೆಯಲ್ಲಿ ಒಬ್ಬ ಯಜಮಾನ, ಅವನ ಕೈಯಲ್ಲಿ ಮನೆಮಂದಿಯ ಹೆಸರಿನ ಪಟ್ಟಿ ಮತ್ತು ಬೀಗದ ಕೈ ಗೊಂಚಲು. ಈ ಯಜಮಾನನ ಹೆಸರು ಆಕ್ಟಿವ್ ಡೈರೆಕ್ಟರಿ. 2000ನೇ ಇಸವಿಯ ಫೆಬ್ರುವರಿಯಲ್ಲಿ ವಿಂಡೋಸ್ 2000ದ ಜೊತೆ ಇವನು ಅಧಿಕಾರಕ್ಕೆ ಬಂದ. ನೌಕರ ಬೆಳಿಗ್ಗೆ ತನ್ನ ಹೆಸರು, ಪಾಸ್‌ವರ್ಡ್ ಒತ್ತಿದಾಗ ಮೇಜಿನ ಮೇಲಿನ ಕಂಪ್ಯೂಟರ್ ಯಜಮಾನನನ್ನು ವಿಚಾರಿಸುತ್ತದೆ. ಅವನು ಹೂಂ ಎಂದರೆ ಬಾಗಿಲು ತೆರೆಯುತ್ತದೆ. ಪಾಸ್‌ವರ್ಡ್ ಇಷ್ಟು ಉದ್ದ ಇರಬೇಕು, ಹತ್ತು ನಿಮಿಷ ಮುಟ್ಟದಿದ್ದರೆ ಪರದೆಗೆ ಬೀಗ ಬೀಳಬೇಕು ಎಂದು ಅವನು ಒಮ್ಮೆ ಹೇಳಿದರೆ ಮನೆಯ ಅಷ್ಟೂ ಯಂತ್ರಗಳು ಪಾಲಿಸುತ್ತವೆ. ಕೆಲಸ ಬಿಟ್ಟವನ ಹೆಸರಿನ ಮೇಲೆ ಗೀಟು ಎಳೆದರೆ ಕಚೇರಿಯ ಬಾಗಿಲುಗಳೆಲ್ಲ ಅವನಿಗೆ ಮುಚ್ಚಿದಂತೆ.

ಈ ಕಿಟಕಿಗಳ ಮನೆಗೆ ಸೇಬು ಬಂದದ್ದು ಹಿತ್ತಲ ಬಾಗಿಲಿಂದ. ಆ್ಯಪಲ್ ಕಂಪನಿಯ ಮ್ಯಾಕಿಂತೋಷ್ ಹುಟ್ಟಿದ್ದು 1984ರಲ್ಲಿ. ಮರುವರ್ಷ ಪುಟ ವಿನ್ಯಾಸದ ಪೇಜ್‌ಮೇಕರ್ ಅದರ ಮೇಲೆ ಓಡತೊಡಗಿದಾಗ ಮುದ್ರಣ, ಜಾಹೀರಾತಿನವರು ಅದಕ್ಕೆ ಮನಸೋತರು. ಹಾಗಾಗಿ ಬಹುಕಾಲ ಕಚೇರಿಗಳಲ್ಲಿ ಮ್ಯಾಕ್ ಎಂದರೆ ಮೂಲೆಯ ಕೋಣೆಯಲ್ಲಿ ಕುಳಿತ, ಚಿತ್ರ ಬಿಡಿಸುವವರ ಯಂತ್ರ. ಯಜಮಾನನ ಪಟ್ಟಿಯಲ್ಲಿ ಅದರ ಹೆಸರಿಲ್ಲ, ಅದಕ್ಕೆ ಯಜಮಾನನ ಪರಿವೆಯೂ ಇಲ್ಲ. ಊರಿಗೊಂದು ದಾರಿಯಾದರೆ ಎಡವಟ್ಟನಿಗೊಂದು ದಾರಿ ಎಂದು ಸಿಸ್ಟಂ ವಿಭಾಗದವರೂ ಕೈಬಿಟ್ಟಿದ್ದರು. ಆಮೇಲೆ ದೊಡ್ಡ ಸಾಹೇಬರಿಗೆ ಒಂದು ಬೇಕಾಯಿತು. ಕಾಲೇಜಿನಲ್ಲಿ ಅದನ್ನೇ ಬಳಸಿ ಬಂದ ಹೊಸಬರು ಕೆಲಸಕ್ಕೂ ಅದೇ ಕೊಡಿ ಎಂದರು. ಮೂಲೆಯ ನೆಂಟ ನಡುಮನೆಗೆ ಬಂದ.

ಬಂದ ಮೇಲೆ ಸಣ್ಣಪುಟ್ಟ ಜಗಳಗಳು ಶುರುವಾದವು. ಎಲ್ಲರೂ ಹಂಚಿಕೊಂಡ ಕಡತಗಳ ಕಪಾಟನ್ನು ಮ್ಯಾಕ್ ಒಮ್ಮೆ ತೆರೆದರೆ ಅಲ್ಲೊಂದು 'ಡಿಎಸ್ ಸ್ಟೋರ್' ಎಂಬ ಪುಟ್ಟ ಕಡತವನ್ನು ಬಿಟ್ಟುಬರುತ್ತದೆ. ಯಾವ ಚಿತ್ರ ಎಲ್ಲಿ ಕಾಣಬೇಕೆಂದು ತನಗಾಗಿ ಬರೆದುಕೊಂಡ ಚೀಟಿ ಅದು, ಅಷ್ಟೇ. ವಿಂಡೋಸ್ ಬಳಸುವವರು ಅದನ್ನು ಕಂಡು ವೈರಸ್ಸೇ ಬಂತೆಂದು ಗಾಬರಿಯಾಗಿ ಅಳಿಸುತ್ತಾರೆ. ಮ್ಯಾಕ್ ಮತ್ತೆ ಬರೆಯುತ್ತದೆ.

ಇನ್ನೊಂದು ಗಡಿಯಾರದ ತಕರಾರು. ಯಜಮಾನನ ಬಾಗಿಲು ಕಾಯುವ ವ್ಯವಸ್ಥೆಯ ಹೆಸರು ಕರ್ಬೆರೋಸ್. ಅಮೆರಿಕದ ಎಂಐಟಿಯಲ್ಲಿ 1980ರ ದಶಕದಲ್ಲಿ ರೂಪುಗೊಂಡ ಇದಕ್ಕೆ ಗ್ರೀಕ್ ಪುರಾಣದ ಮೂರು ತಲೆಯ ನಾಯಿಯ ಹೆಸರು. ಅದು ಕೊಡುವುದು ಹೊತ್ತು ನಮೂದಿಸಿದ ಟಿಕೆಟ್. ಕದ್ದ ಹಳೆಯ ಟಿಕೆಟ್ ತೋರಿಸಿ ಯಾರೂ ಒಳನುಗ್ಗಬಾರದೆಂದು, ಗಡಿಯಾರಗಳ ನಡುವೆ ಐದು ನಿಮಿಷಕ್ಕಿಂತ ಹೆಚ್ಚು ವ್ಯತ್ಯಾಸವಿದ್ದರೆ ಒಳಗೆ ಬಿಡಬೇಡ ಎಂಬುದು ವಿಂಡೋಸ್ ಮನೆಯ ರೂಢಿ. 2003ರಲ್ಲಿ ಬಂದ 'ಪ್ಯಾಂಥರ್' ಆವೃತ್ತಿಯಿಂದ ಮ್ಯಾಕ್‌ಗೆ ಆಕ್ಟಿವ್ ಡೈರೆಕ್ಟರಿಯೊಡನೆ ಮಾತನಾಡಲು ಬಂತು, ನಿಜ. ಆದರೆ ಮ್ಯಾಕ್‌ನ ಗಡಿಯಾರ ಆರು ನಿಮಿಷ ಹಿಂದೆ ಬಿದ್ದಿದ್ದರೆ ಸರಿಯಾದ ಪಾಸ್‌ವರ್ಡ್ ಒತ್ತಿದವನಿಗೂ ಬಾಗಿಲು ತೆರೆಯದು. ಪಾಸ್‌ವರ್ಡ್ ಹತ್ತು ಸಲ ಬದಲಿಸಿ ಸುಸ್ತಾದ ಮೇಲೆ ಗಡಿಯಾರದತ್ತ ಕಣ್ಣು ಹೋಗುತ್ತದೆ.

ಇವೆಲ್ಲ ನಗುವ ಜಗಳಗಳು. ನಗಲಾಗದ್ದು ಬೇರೆ ಇದೆ. "ಮ್ಯಾಕ್‌ಗೆ ವೈರಸ್ ಬರುವುದಿಲ್ಲ" ಎಂಬ ನಂಬಿಕೆ ಅದು. ಆ ನಂಬಿಕೆಯಿಂದಲೇ ಮೂಲೆಯ ಯಂತ್ರಗಳನ್ನು ಯಾರೂ ವಿಚಾರಿಸಲಿಲ್ಲ. 2012ರಲ್ಲಿ ಜಾವಾ ತಂತ್ರಾಂಶದ ಒಂದು ಬಿರುಕಿನಿಂದ 'ಫ್ಲ್ಯಾಶ್‌ಬ್ಯಾಕ್' ಎಂಬ ಪಿಡುಗು ಜಗತ್ತಿನ ಸುಮಾರು 6 ಲಕ್ಷ ಮ್ಯಾಕ್‌ಗಳಿಗೆ ಹೊಕ್ಕಿತೆಂದು ರಷ್ಯಾದ ಭದ್ರತಾ ಕಂಪನಿಯೊಂದು ಲೆಕ್ಕ ಹಾಕಿತು. ಬಿರುಕು ಮುಚ್ಚುವ ತೇಪೆಯನ್ನು ಜಾವಾದ ಒಡೆಯರಾದ ಒರಾಕಲ್‌ನವರು ಫೆಬ್ರುವರಿಯಲ್ಲೇ ಹೊರತಂದಿದ್ದರು. ಆ್ಯಪಲ್ ಅದನ್ನು ತನ್ನ ಗ್ರಾಹಕರಿಗೆ ತಲುಪಿಸಿದ್ದು ಏಪ್ರಿಲ್‌ನಲ್ಲಿ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತಾಯಿತು.

ಅದಕ್ಕಿಂತ ವಿಚಿತ್ರ 2017ರ ನವೆಂಬರ್ 28ರಂದು ಬಯಲಾದದ್ದು. ಮ್ಯಾಕ್‌ನ ಆಗಿನ ಹೊಸ ಆವೃತ್ತಿ 'ಹೈ ಸಿಯೆರಾ'ದಲ್ಲಿ ಹೆಸರಿನ ಜಾಗದಲ್ಲಿ 'ರೂಟ್' ಎಂದು ಬರೆದು, ಪಾಸ್‌ವರ್ಡ್ ಜಾಗ ಖಾಲಿ ಬಿಟ್ಟು, ಒಂದೆರಡು ಸಲ ಗುಂಡಿ ಒತ್ತಿದರೆ ಸಾಕು, ಇಡೀ ಯಂತ್ರದ ಒಡೆತನ ಕೈಗೆ ಬರುತ್ತಿತ್ತು! ಟರ್ಕಿಯ ತಂತ್ರಜ್ಞರೊಬ್ಬರು ಇದನ್ನು ಊರಿಗೆಲ್ಲ ತಿಳಿಯುವಂತೆ ಸಾರಿದರು. ಮದ್ದೇನೋ ಸುಲಭವಾಗಿತ್ತು, 'ರೂಟ್'ಗೆ ಒಂದು ಪಾಸ್‌ವರ್ಡ್ ಇಟ್ಟುಬಿಡುವುದು. ಆದರೆ ಅಂದು ಕಚೇರಿಗಳ ಸಿಸ್ಟಂ ವಿಭಾಗಗಳ ಮುಂದಿದ್ದ ಮೊದಲ ಪ್ರಶ್ನೆ "ಮದ್ದೇನು?" ಅಲ್ಲ, "ನಮ್ಮಲ್ಲಿ ಎಷ್ಟು ಮ್ಯಾಕ್‌ಗಳಿವೆ, ಎಲ್ಲಿವೆ, ಯಾವ ಆವೃತ್ತಿಯವು?" ಎಂಬುದು. ಪಟ್ಟಿ ಇದ್ದವರು ಕುಳಿತಲ್ಲಿಂದಲೇ ಎಲ್ಲ ಯಂತ್ರಗಳಿಗೂ ಅಪ್ಪಣೆ ಕಳಿಸಬಹುದಿತ್ತು. ಇಲ್ಲದವರು ಮೇಜಿನಿಂದ ಮೇಜಿಗೆ ಓಡಬೇಕಿತ್ತು. ಆ್ಯಪಲ್ ಮರುದಿನವೇ ತೇಪೆ ಬಿಟ್ಟು ಕ್ಷಮೆಯನ್ನೂ ಕೇಳಿತು. ಆ ಅವಸರದ ತೇಪೆಯಿಂದ ಕೆಲವು ಮ್ಯಾಕ್‌ಗಳಲ್ಲಿ ಕಡತ ಹಂಚಿಕೊಳ್ಳುವ ಸೌಲಭ್ಯವೇ ಕೆಟ್ಟು, ಅದನ್ನು ಸರಿಪಡಿಸಲು ಇನ್ನೊಂದು ಮದ್ದು ಬೇಕಾಯಿತು!

ಹಾಗಾದರೆ ಮ್ಯಾಕ್‌ಗೆ ವಿಂಡೋಸ್ ಯಜಮಾನನ ಎಲ್ಲ ರೀತಿನೀತಿಗಳನ್ನೂ ಹೊರಿಸಬೇಕೇ? ಹಲವರು ಹಾಗೇ ಮಾಡಿ ನೋಡಿ ಕೈಸುಟ್ಟುಕೊಂಡರು. ಯಜಮಾನನ ನಿಯಮಗಳು ವಿಂಡೋಸ್ ಭಾಷೆಯಲ್ಲಿವೆ, ಮ್ಯಾಕ್‌ಗೆ ಅವು ಅರ್ಥವಾಗುವುದಿಲ್ಲ. ಆ್ಯಪಲ್ 2011ರಲ್ಲಿ 'ಲಯನ್' ಆವೃತ್ತಿಯೊಂದಿಗೆ ತನ್ನದೇ ದಾರಿ ತೆರೆಯಿತು. ಅದಕ್ಕೆ ಎಂಡಿಎಂ ಎಂದು ಹೆಸರು. ಅಮೆರಿಕದ ಜ್ಯಾಮ್ಫ್ ಕಂಪನಿ 2002ರಿಂದಲೂ ಆ್ಯಪಲ್ ಯಂತ್ರಗಳ ನಿರ್ವಹಣೆಯನ್ನೇ ಕಸುಬು ಮಾಡಿಕೊಂಡಿದೆ. ತಮಾಷೆಯೆಂದರೆ ಮೈಕ್ರೋಸಾಫ್ಟ್‌ನ ಇನ್‌ಟ್ಯೂನ್ ಕೂಡ ಈಗ ಮ್ಯಾಕ್‌ಗಳನ್ನು ನೋಡಿಕೊಳ್ಳುತ್ತದೆ.

ಇದು ನಡೆಯುವ ಬಗೆ ಸ್ವಾರಸ್ಯವಾಗಿದೆ. ಕಂಪನಿ ಕೊಂಡ ಮ್ಯಾಕ್‌ನ ಕ್ರಮಸಂಖ್ಯೆ ಆ್ಯಪಲ್‌ನ ದಾಖಲೆಯಲ್ಲಿ ಕಂಪನಿಯ ಹೆಸರಿಗೆ ಸೇರುತ್ತದೆ. ಮೊಹರು ಒಡೆಯದ ಪೆಟ್ಟಿಗೆ ನೇರ ನೌಕರನ ಮನೆಗೆ ಹೋಗುತ್ತದೆ. ಅದು ಹುಬ್ಬಳ್ಳಿಯಾದರೂ ಸರಿ, ಹಾಸನವಾದರೂ ಸರಿ. ಗುಂಡಿ ಒತ್ತಿ ಇಂಟರ್ನೆಟ್ ಸಿಕ್ಕೊಡನೆ ಯಂತ್ರ "ನಾನು ಯಾರ ಮನೆಯದು?" ಎಂದು ಆ್ಯಪಲ್‌ಗೆ ಕೇಳುತ್ತದೆ. "ಇಂಥ ಕಂಪನಿಯದು, ಅವರನ್ನು ವಿಚಾರಿಸು" ಎಂದು ಉತ್ತರ ಬರುತ್ತದೆ. ನಿಯಮಗಳು, ಬೇಕಾದ ತಂತ್ರಾಂಶಗಳು ತಾವಾಗಿ ಇಳಿಯುತ್ತವೆ. ಯಂತ್ರದ ಡಿಸ್ಕಿನಲ್ಲಿರುವುದನ್ನೆಲ್ಲ ಗುಪ್ತಲಿಪಿಗೆ ತಿರುಗಿಸುವ 'ಫೈಲ್‌ವಾಲ್ಟ್' ಚಾಲೂ ಆಗಿ, ಅದರ ಬದಲಿ ಬೀಗದ ಕೈ ಕಂಪನಿಯ ಉಗ್ರಾಣ ಸೇರುತ್ತದೆ. ನಾಳೆ ಆ ಮ್ಯಾಕ್ ರೈಲಿನಲ್ಲಿ ಕಳೆದುಹೋದರೆ ಯಂತ್ರದ ಬೆಲೆ ನಷ್ಟವಾದೀತು, ಅದರೊಳಗಿನ ಗ್ರಾಹಕರ ಗುಟ್ಟು ಉಳಿಯುತ್ತದೆ. ನೌಕರ ಪಾಸ್‌ವರ್ಡ್ ಮರೆತರೂ ಉಗ್ರಾಣದ ಕೈಯಿಂದ ಬೀಗ ತೆರೆಯಬಹುದು. ಆ ಕೈ ಯಾರ ಬಳಿಯೂ ಇಲ್ಲದಿದ್ದರೆ ಒಳಗಿದ್ದ ಕೆಲಸ ದೇವರೇ ಬಂದರೂ ಸಿಗದು.

ಇದನ್ನು ದೊಡ್ಡ ಮಟ್ಟದಲ್ಲಿ ಮಾಡಿ ತೋರಿಸಿದ್ದು ಯಾರು ಗೊತ್ತೇ? ಐಬಿಎಂ! 1984ರಲ್ಲಿ ಮ್ಯಾಕ್ ಬಂದಾಗ ಆ್ಯಪಲ್‌ನ ಜಾಹೀರಾತು ರಾಕ್ಷಸನೆಂದು ಬೆರಳು ತೋರಿಸಿದ್ದೇ ಐಬಿಎಂ ಕಡೆಗೆ ಎಂದು ಜನ ಆಡಿಕೊಂಡಿದ್ದರು. ಅದೇ ಐಬಿಎಂ 2015ರಲ್ಲಿ ತನ್ನ ನೌಕರರಿಗೆ ಮ್ಯಾಕ್ ಬೇಕೇ, ಪಿಸಿ ಬೇಕೇ ಎಂದು ಕೇಳತೊಡಗಿತು. ಮ್ಯಾಕ್ ಬಳಸುವವರಲ್ಲಿ ನೂರಕ್ಕೆ 5 ಮಂದಿ ಸಹಾಯ ಕೇಳಿ ಫೋನ್ ಮಾಡಿದರೆ, ಪಿಸಿಯವರಲ್ಲಿ 40 ಮಂದಿ ಮಾಡುತ್ತಾರೆ ಎಂದು ಆ ವರ್ಷ ಹೇಳಿತು. ನಾಲ್ಕು ವರ್ಷದಲ್ಲಿ ಒಂದು ಮ್ಯಾಕ್‌ನಿಂದ 273ರಿಂದ 543 ಡಾಲರ್ ಉಳಿತಾಯ ಎಂದು 2016ರಲ್ಲಿ ಲೆಕ್ಕ ಕೊಟ್ಟಿತು. ಇದು ಕಂಪನಿಯೇ ಕೊಟ್ಟ ಲೆಕ್ಕ, ತಾವಾಗಿ ಇಷ್ಟಪಟ್ಟು ಮ್ಯಾಕ್ ಆರಿಸಿಕೊಂಡವರ ಲೆಕ್ಕ ಎಂಬುದನ್ನೂ ಮರೆಯಬಾರದು.

ಎಲ್ಲ ಬೀಗಕ್ಕೂ ಒಂದೇ ಕಡೆ ಕೈ ಇರುವುದರಲ್ಲಿ ಅಪಾಯವೂ ಇದೆ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿ ಕಳಿಸಿದ ಒಂದು ದೋಷದ ಕಡತದಿಂದ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಮಕಾಡೆ ಮಲಗಿದವು. ಭಾರತದ ವಿಮಾನ ನಿಲ್ದಾಣಗಳಲ್ಲಿ ಕೈಯಲ್ಲಿ ಬರೆದ ಬೋರ್ಡಿಂಗ್ ಪಾಸ್ ಕೊಡಬೇಕಾಯಿತು. ಆ ಕಡತ ವಿಂಡೋಸ್‌ಗೆಂದೇ ಕಳಿಸಿದ್ದಾದ್ದರಿಂದ ಮ್ಯಾಕ್‌ಗಳು ಪಾರಾದವು. ಹಾಗೆಂದು ಮ್ಯಾಕ್ ನೋಡಿಕೊಳ್ಳುವವರು ಮೀಸೆ ತಿರುವುವಂತಿಲ್ಲ. ಅವರ ಒಂದು ತಪ್ಪು ಅಪ್ಪಣೆಯೂ ಅಷ್ಟೇ ವೇಗವಾಗಿ ಎಲ್ಲ ಯಂತ್ರಗಳಿಗೂ ತಲುಪುತ್ತದೆ. ಅದಕ್ಕೇ ಬಲ್ಲವರು ಹೊಸ ನಿಯಮವನ್ನು ಮೊದಲು ತಮ್ಮ ವಿಭಾಗದ ನಾಲ್ಕು ಯಂತ್ರಗಳಿಗೆ ಕಳಿಸುತ್ತಾರೆ. ಅನ್ನ ಬೆಂದಿದೆಯೇ ಎಂದು ಒಂದು ಅಗುಳು ಹಿಸುಕಿ ನೋಡಿದ ಹಾಗೆ.

ಇನ್ನು ಮನೆಯವರೆಲ್ಲ ಕೇಳಬೇಕಾದ ಮಾತು. ಇಷ್ಟೆಲ್ಲ ನೋಡಿಕೊಳ್ಳುವವರು ನೌಕರನ ಖಾಸಗಿ ಬದುಕನ್ನೂ ಇಣುಕಿ ನೋಡುತ್ತಾರೆಯೇ? ಎಂಡಿಎಂ ಒಂದನ್ನೇ ತೆಗೆದುಕೊಂಡರೆ ಅದು ಯಾವ ತಂತ್ರಾಂಶಗಳಿವೆ, ಆವೃತ್ತಿ ಯಾವುದು, ಗುಪ್ತಲಿಪಿ ಚಾಲೂ ಇದೆಯೇ ಎಂದು ತಿಳಿಯುತ್ತದೆ. ಫೋಟೋ, ಪತ್ರಗಳನ್ನು ಓದುವುದಿಲ್ಲ. ಆದರೆ ಯಂತ್ರದ ಒಡೆತನ ಕಂಪನಿಯದಾದ ಮೇಲೆ ಎಲ್ಲವನ್ನೂ ನೋಡುವ ಬೇರೆ ತಂತ್ರಾಂಶವನ್ನು ಅದರ ಮೂಲಕ ಇಳಿಸುವುದು ಕಷ್ಟವಲ್ಲ. ಯಂತ್ರವನ್ನು ಪೂರ್ತಿ ಅಳಿಸಿಹಾಕುವ ಅಪ್ಪಣೆಯೂ ಅಲ್ಲಿಂದಲೇ ಬರುತ್ತದೆ. ಆದ್ದರಿಂದ ಕೆಲಸಕ್ಕೆ ಸೇರಿದ ದಿನವೇ "ನೀವು ಏನೇನು ನೋಡುತ್ತೀರಿ?" ಎಂದು ವಿನಯದಿಂದ ಕೇಳುವುದರಲ್ಲಿ ತಪ್ಪಿಲ್ಲ. ಒಳ್ಳೆಯ ಕಂಪನಿ ಅದನ್ನು ಬರೆದೇ ಕೊಡುತ್ತದೆ. ತಂಗಿಯ ಮದುವೆಯ ಫೋಟೋಗಳನ್ನು ಕಚೇರಿಯ ಮ್ಯಾಕ್‌ನಲ್ಲಿ ಇಡದಿರುವುದೂ ಜಾಣತನ.

ಓದುತ್ತಿರುವ ಮಕ್ಕಳು ವಿಂಡೋಸ್ ಮೇಲೋ ಮ್ಯಾಕ್ ಮೇಲೋ ಎಂದು ವಾದಿಸುತ್ತ ಸಂಜೆ ಕಳೆಯುವುದುಂಟು. ಕಚೇರಿಗಳಿಗೆ ಬೇಕಾಗಿರುವುದು ಆ ವಾದದಲ್ಲಿ ಗೆದ್ದವರಲ್ಲ, ಎರಡರ ಭಾಷೆಯನ್ನೂ ಬಲ್ಲವರು. ಅಪ್ಪ ಅಮ್ಮಂದಿರೂ ಇನ್ನು ಮುಂದೆ ಯಾರಾದರೂ ಕೇಳಿದರೆ "ಸಿಸ್ಟಂ ನೋಡಿಕೊಳ್ಳುತ್ತಾಳೆ" ಎಂದು ತಗ್ಗಿದ ದನಿಯಲ್ಲಿ ಹೇಳಬೇಕಾಗಿಲ್ಲ. ಮಗಳ ಕೈಯಲ್ಲಿರುವುದು ಮನೆಯೆಲ್ಲದರ ಬೀಗದ ಕೈ ಗೊಂಚಲು.