ಸೊಸೈಟಿ ಅಂಗಡಿಯ ನಾಲ್ಕು ಮೆಟ್ಟಿಲು

ನಮ್ಮ ಕಡೆ ರೇಷನ್ ಅಂಗಡಿಗೆ ಯಾರೂ ‘ನ್ಯಾಯಬೆಲೆ ಅಂಗಡಿ’ ಅನ್ನುವುದಿಲ್ಲ. ಆ ಹೆಸರು ಬೋರ್ಡಿನ ಮೇಲಷ್ಟೇ ಇದೆ. ಜನರ ಬಾಯಲ್ಲಿ ಅದು ಸೊಸೈಟಿ. ಅಲ್ಲಿ ಸಿಗುವುದು ಸೊಸೈಟಿ ಅಕ್ಕಿ, ಸೊಸೈಟಿ ರಾಗಿ. ಸಹಕಾರ ಸಂಘದವರೇ ಪಡಿತರ ಹಂಚುತ್ತಿದ್ದ ದಿನಗಳಿಂದ ಉಳಿದುಬಂದ ಹೆಸರು. ನಮ್ಮೂರಲ್ಲಿ ಈಗ ಸಂಘ ಇಲ್ಲ, ಒಬ್ಬರ ಮನೆಯ ಮುಂದಿನ ಕೋಣೆಯಲ್ಲಿ ಅಂಗಡಿ ನಡೆಯುತ್ತಿದೆ. ಹೆಸರು ಮಾತ್ರ ಬದಲಾಗಿಲ್ಲ.

ಆ ಕೋಣೆಗೆ ನಾಲ್ಕು ಮೆಟ್ಟಿಲು. ನಾವು ಟೇಪು ಹಿಡಿದು ಅಳೆದಿದ್ದೇವೆ. ಒಂದೊಂದೂ ಏಳು ಇಂಚು, ಒಟ್ಟು 28 ಇಂಚು. ಹಿಡಿದುಕೊಳ್ಳಲು ಕಂಬಿ ಇಲ್ಲ. ಮೊದಲ ಮೆಟ್ಟಿಲಿಗೂ ರಸ್ತೆಗೂ ನಡುವೆ ಚರಂಡಿ, ಅದರ ಮೇಲೆ ಕಾಲಿಟ್ಟರೆ ಅಲುಗಾಡುವ ಎರಡು ಚಪ್ಪಡಿ ಕಲ್ಲು. ಎರಡೂ ಕಾಲು ನೆಟ್ಟಗಿರುವವರಿಗೆ ಇದೆಲ್ಲ ಲೆಕ್ಕಕ್ಕೇ ಬರುವುದಿಲ್ಲ. ನಮ್ಮ ಅಕ್ಕನಿಗೆ ಬರುತ್ತದೆ.

ನಾವು ಮೂವರು ಮಕ್ಕಳು. ದೊಡ್ಡವಳು ಅಕ್ಕ, ಅವಳ ಬೆನ್ನಿಗೆ ಹುಟ್ಟಿದ ನಾವಿಬ್ಬರು. ಅಕ್ಕನಿಗೆ ಎರಡು ವರ್ಷವಿದ್ದಾಗ ಪೋಲಿಯೊ ಬಂದು ಎರಡೂ ಕಾಲಿನ ಶಕ್ತಿ ಹೋಯಿತು. ಕೈಯಿಂದ ತಿರುಗಿಸುವ ತ್ರಿಚಕ್ರ ಸೈಕಲ್ಲಿನಲ್ಲಿ ಓಡಾಡುತ್ತಾಳೆ. ಮನೆಯಲ್ಲೇ ಬಟ್ಟೆ ಹೊಲಿಯುತ್ತಾಳೆ, ಊರಿನ ಅರ್ಧ ಹೆಂಗಸರ ಜಾಕೀಟಿನ ಅಳತೆ ಅವಳಿಗೆ ಬಾಯಿಪಾಠ. ನಾವಿಬ್ಬರು ಓದಿ, ಕೆಲಸ ಹಿಡಿದು ಊರು ಬಿಟ್ಟೆವು. ಕಾರ್ಡಿನಲ್ಲಿ ಈಗ ಇರುವುದು ಅಮ್ಮ ಮತ್ತು ಅಕ್ಕ, ಇಬ್ಬರೇ.

ರೇಷನ್ ಬೇಕೆಂದರೆ ಕಾರ್ಡಿನಲ್ಲಿರುವ ಒಬ್ಬರಾದರೂ ಹೋಗಿ ತಂಬ್ ಕೊಡಬೇಕು. ಕುಟುಂಬದ ಯಜಮಾನಿ ಅಂತ ಕಾರ್ಡಿನಲ್ಲಿ ಅಮ್ಮನ ಹೆಸರಿದೆ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ ಮನೆಯ ಹಿರಿಯ ಹೆಂಗಸನ್ನೇ ಯಜಮಾನಿ ಎಂದು ಗುರುತಿಸುತ್ತದೆ. ಆದರೆ ಮಿಷನ್ನು ಅಮ್ಮನ ಬೆರಳನ್ನು ಗುರುತಿಸುವುದಿಲ್ಲ. ಮೂವತ್ತು ವರ್ಷ ಅಡಕೆ ಸುಲಿದ ಕೈ ಅದು. ಅಡಕೆ ಒಗರಿಗೆ ಕಪ್ಪಾಗಿ, ಮೆಟ್ಟುಗತ್ತಿಯ ಕೆಲಸಕ್ಕೆ ಸವೆದು, ಬೆರಳ ಗೆರೆಗಳೇ ಅಳಿಸಿವೆ. ಹತ್ತು ಬೆರಳನ್ನೂ ಒತ್ತಿಸಿ ನೋಡಿ, ‘ತಗೊಳ್ತಿಲ್ಲವ್ವ’ ಎಂದು ವಾಪಸ್ ಕಳಿಸುತ್ತಾರೆ. ಹಾಗಾಗಿ ಅಕ್ಕನೇ ಹೋಗಬೇಕು.

ಅಕ್ಕ ಹೋದಾಗ ನಡೆಯುವುದು ಇಷ್ಟು. ತಿಂಗಳಲ್ಲಿ ನಾಲ್ಕೈದು ದಿನ ಮಾತ್ರ ಬಾಗಿಲು ತೆಗೆಯುತ್ತಾರೆ, ಯಾವ ದಿನ ಎಂದು ಮೊದಲೇ ತಿಳಿಯುವುದಿಲ್ಲ. ‘ಸೊಸೈಟಿ ಕೊಡ್ತಾವ್ರೆ’ ಎಂದು ಯಾರೋ ಕೂಗಿದರೆ ಊರೆಲ್ಲ ಓಡುತ್ತದೆ. ಮೆಟ್ಟಿಲ ಮೇಲೆ ಚೀಲ, ಚಪ್ಪಲಿ, ಕಲ್ಲು ಸಾಲಿಗಿಟ್ಟು ಜಾಗ ಹಿಡಿಯುತ್ತಾರೆ. ಅಕ್ಕನ ಸೈಕಲ್ಲು ಚರಂಡಿಯ ಈಚೆ, ಬಿಸಿಲಲ್ಲಿ. ಒಳಗೆ ಕೂತವರಿಗೆ ಅವಳು ಕಾಣುವುದಿಲ್ಲ. ಕೂಗಬೇಕು. ಕೂಗಿದರೆ ಒಳಗಿಂದ ಒಂದೇ ಉತ್ತರ: ‘ನೀನ್ಯಾಕವ್ವ ಬರಕ್ಕೋದೆ? ಯಾರನ್ನಾದ್ರೂ ಕಳಿಸಬಾರ್ದಾ?’

ಕೇಳಿದರೆ ಕನಿಕರದ ಮಾತಿನಂತೆಯೇ ಇದೆ. ಸಾಲಿನಲ್ಲಿ ನಿಂತವರೂ ತಲೆಯಾಡಿಸುತ್ತಾರೆ. ಆದರೆ ಬೆರಳು ಅಕ್ಕನದೇ ಬೇಕು, ಅದನ್ನು ಯಾರ ಕೈಲಿ ಕಳಿಸುವುದು? ಕೊನೆಗೆ ಅವಳು ಸೈಕಲ್ಲಿನಿಂದ ಇಳಿದು, ಸೀರೆ ಒಟ್ಟುಮಾಡಿಕೊಂಡು, ಅಂಗೈ ಊರಿ, ಕೂತುಕೊಂಡೇ ಒಂದೊಂದು ಮೆಟ್ಟಿಲು ಹತ್ತುತ್ತಾಳೆ. ಸುತ್ತ ನಿಂತವರು ಕಾಲು ಸರಿಸಿಕೊಳ್ಳುತ್ತಾರೆ. ಹತ್ತಿದ ಮೇಲೆ ಒಮ್ಮೊಮ್ಮೆ ಕೇಳುವ ಮಾತು, ‘ಸರ್ವರ್ ಇಲ್ಲ, ನಾಳೆ ಬಾ.’ ಇನ್ನೊಮ್ಮೆ, ‘ಇವತ್ತು ತಂಬ್ ಅಷ್ಟೇ, ಅಕ್ಕಿ ನಾಡಿದ್ದು.’ ಎರಡು ಸಲ ಬರಬೇಕೆಂದರೆ ಬೇರೆಯವರಿಗೆ ಕಾಲ್ನಡಿಗೆ ಎರಡು ಸಲ. ಅಕ್ಕನಿಗೆ ಹತ್ತುವುದು ನಾಲ್ಕು, ಇಳಿಯುವುದು ನಾಲ್ಕು, ಮತ್ತೆ ಹತ್ತುವುದು ನಾಲ್ಕು, ಇಳಿಯುವುದು ನಾಲ್ಕು.

2023ರ ಜುಲೈನಿಂದ ರಾಜ್ಯ ಸರ್ಕಾರ ಅನ್ನಭಾಗ್ಯದ ಹೆಚ್ಚುವರಿ ಐದು ಕೆ.ಜಿ. ಅಕ್ಕಿಯ ಬದಲು ತಲಾ 170 ರೂಪಾಯಿಯನ್ನು ಖಾತೆಗೆ ಹಾಕುತ್ತಿತ್ತು. ಊರಲ್ಲಿ ಬಹಳ ಜನ ದುಡ್ಡು ಬೇಡ, ಅಕ್ಕಿಯೇ ಕೊಡಲಿ ಅಂದರು. ಅಕ್ಕ ಮಾತ್ರ, ‘ಇದೊಂದು ಮೆಟ್ಲಿಲ್ದೆ ಬಂತು ನೋಡು’ ಎಂದು ನಕ್ಕಿದ್ದಳು. 2025ರಲ್ಲಿ ಮತ್ತೆ ಅಕ್ಕಿ ಶುರುವಾಯಿತು.

ಯಾರನ್ನಾದರೂ ಕಳಿಸುವುದು ಯಾಕೆ ಬೇಡ ಎಂದು ನಾವೇ ಅಕ್ಕನನ್ನು ಕೇಳಿದ್ದೆವು. ಮನೆಯವರಲ್ಲದವರನ್ನು ನಾಮಿನಿ ಮಾಡಿಸುವ ದಾರಿಯೂ ಇದೆ ಎಂದು ತಾಲ್ಲೂಕು ಕಚೇರಿಯಲ್ಲಿ ಹೇಳಿದ್ದರು. ಪಕ್ಕದ ಮನೆ ಹುಡುಗನನ್ನು ಮಾಡಿಸಿದರಾಯಿತು ಅನ್ನುವುದು ನಮ್ಮ ಲೆಕ್ಕ. ಅಕ್ಕ ಒಪ್ಪಲಿಲ್ಲ. ಅವಳ ಲೆಕ್ಕ ಬೇರೆ.

‘ಹುಡುಗ ಹೋದ್ರೆ ಕೊಟ್ಟಿದ್ದು ಇಸ್ಕೊಂಡು ಬತ್ತಾನೆ. ತಕ್ಕಡಿ ನೋಡ್ತಾನಾ? ಚೀಲದ ತೂಕ ಕಳೀರಿ ಅಂತಾನಾ? ಚೀಟಿ ಕೇಳ್ತಾನಾ? ಮುಗ್ಗಲು ರಾಗಿ ಹಾಕಿದ್ರೆ ಬೇರೆ ಕೊಡಿ ಅಂತಾನಾ? ನಾನೇ ಹೋದ್ರೆ ನನ್ನ ಮುಂದೆ ತೂಗ್ತಾರೆ. ಅದಕ್ಕೇ ಅವ್ರಿಗೆ ನಾನು ಬರದು ಬ್ಯಾಡ.’

ಈ ಮಾತಿನ ತೂಕ ನಮಗೆ ಆಮೇಲೆ ಗೊತ್ತಾಯಿತು. ಒಮ್ಮೆ ಜ್ವರ ಬಂದಿದ್ದರಿಂದ ಅಕ್ಕ ತಂಬ್ ಕೊಟ್ಟು ಬಂದು, ಮಾರನೇ ದಿನ ಅಕ್ಕಿ ತರಲು ಪಕ್ಕದ ಮನೆ ಹುಡುಗನನ್ನೇ ಕಳಿಸಿದ್ದಳು. ಮನೆಗೆ ಬಂದ ಚೀಲವನ್ನು ಅಂಗಡಿಯೊಂದರ ತಕ್ಕಡಿಯಲ್ಲಿ ತೂಗಿದರೆ ಒಂದೂವರೆ ಕೆ.ಜಿ. ಕಡಿಮೆ. ಜೊತೆಗೆ ‘ಖರ್ಚಿಗೆ’ ಎಂದು ಅವನ ಕೈಯಿಂದ 20 ರೂಪಾಯಿ ಇಸಿದುಕೊಂಡಿದ್ದರು. ಕೇಳಲು ಅಕ್ಕ ಅಲ್ಲಿರಲಿಲ್ಲ. ಮೆಟ್ಟಿಲು ಹತ್ತಲಾಗದವಳನ್ನು ಮನೆಯಲ್ಲೇ ಇರಿಸಿದರೆ ಯಾರಿಗೆ ಲಾಭ ಅನ್ನುವುದಕ್ಕೆ ನಮಗೆ ಬೇರೆ ಪುರಾವೆ ಬೇಕಾಗಲಿಲ್ಲ.

ಕಾನೂನು ಏನು ಹೇಳುತ್ತದೆ ಎಂದು ಓದಲು ಕೂತೆವು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ‘ಸಾರ್ವಜನಿಕ ಕಟ್ಟಡ’ ಅನ್ನುವುದನ್ನು ವಿಶಾಲವಾಗಿ ಹೇಳಿದೆ. ಸರ್ಕಾರದ್ದಾಗಲಿ ಖಾಸಗಿಯದಾಗಲಿ, ಸಾರ್ವಜನಿಕರು ಬಳಸುವ ಕಟ್ಟಡವೆಲ್ಲ ಅದರೊಳಗೆ ಬರುತ್ತದೆ. ‘ನಮ್ಮ ಮನೆ, ನಮ್ಮ ಮೆಟ್ಲು’ ಅನ್ನುವಂತಿಲ್ಲ. ನಿಯಮಗಳು ಬಂದದ್ದು 2017ರ ಜೂನ್‌ನಲ್ಲಿ. ಇರುವ ಕಟ್ಟಡಗಳನ್ನು ಸರಿಪಡಿಸಲು ಕಾಯ್ದೆ ಕೊಟ್ಟ ಗಡುವು ಐದು ವರ್ಷ, ಸೇವೆಗಳನ್ನು ಸರಿಪಡಿಸಲು ಎರಡು ವರ್ಷ. ಎರಡೂ ಮುಗಿದು ಹೋಗಿವೆ. ಉಲ್ಲಂಘಿಸಿದವರಿಗೆ ಮೊದಲ ಸಲ 10 ಸಾವಿರ ರೂಪಾಯಿವರೆಗೆ ದಂಡ, ಮತ್ತೆ ಮಾಡಿದರೆ 50 ಸಾವಿರದಿಂದ 5 ಲಕ್ಷದವರೆಗೆ. 2024ರ ನವೆಂಬರ್‌ನಲ್ಲಿ ರಾಜೀವ್ ರಟೂರಿ ಅವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಈ ಅನುಕೂಲಗಳನ್ನು ಬರೀ ಸಲಹೆಯಂತೆ ಬರೆದಿಟ್ಟರೆ ಸಾಲದು, ಕಡ್ಡಾಯವಾಗಿ ಪಾಲಿಸಬೇಕಾದ ನಿಯಮ ಮಾಡಿ ಎಂದು ಕೇಂದ್ರಕ್ಕೆ ಮೂರು ತಿಂಗಳ ಗಡುವು ಕೊಟ್ಟಿತು. ಬೆರಳಿನ ವಿಷಯಕ್ಕೂ ಆದೇಶವಿದೆ. ಮಿಷನ್ನು ಬೆರಳು ತೆಗೆದುಕೊಳ್ಳಲಿಲ್ಲ ಎಂಬ ಕಾರಣಕ್ಕೆ ಪಡಿತರ ನಿರಾಕರಿಸಬಾರದು ಎಂದು ಕೇಂದ್ರದ ಆಹಾರ ಸಚಿವಾಲಯ 2017ರ ಅಕ್ಟೋಬರ್‌ನಲ್ಲೇ ರಾಜ್ಯಗಳಿಗೆ ಬರೆದಿತ್ತು. ಹಾಗೆ ನೋಡಿದರೆ ಅಮ್ಮನನ್ನು ವಾಪಸ್ ಕಳಿಸಿದ್ದೇ ತಪ್ಪು.

2011ರ ಜನಗಣತಿ ಪ್ರಕಾರ ಕರ್ನಾಟಕದಲ್ಲಿ ಅಂಗವೈಕಲ್ಯ ಇರುವವರು 13 ಲಕ್ಷದ 24 ಸಾವಿರ. ಅದಾದ ಮೇಲೆ ಕಾಯ್ದೆ ಅಂಗವೈಕಲ್ಯದ ವಿಧಗಳನ್ನು 21ಕ್ಕೆ ಏರಿಸಿದೆ. ಮಂಡಿನೋವಿನ ಮುದುಕರು, ಬಸುರಿಯರು, ಬಾಣಂತಿಯರು ಈ ಲೆಕ್ಕದಲ್ಲಿ ಇಲ್ಲ. ಆ ನಾಲ್ಕು ಮೆಟ್ಟಿಲು ಅವರಿಗೂ ನಾಲ್ಕೇ.

ಇಷ್ಟು ದಿನ ಅಂಗಡಿಯವರು ಹೇಳುತ್ತಿದ್ದ ಇನ್ನೊಂದು ಮಾತು, ‘ಮಿಷನ್ನು ಹೊರಗೆ ತರಕ್ಕಾಗಲ್ಲ, ರೂಲ್ಸ್ ಇಲ್ಲ.’ ಹೋದ ಮಳೆಗಾಲದಲ್ಲಿ ಒಂದು ವಾರ ನೆಟ್‌ವರ್ಕು ಸರಿಯಾಗಿ ಸಿಗಲಿಲ್ಲ. ಕೋಣೆಯೊಳಗೆ ಚಕ್ರ ತಿರುಗುತ್ತಲೇ ಇತ್ತು. ಎರಡನೇ ದಿನ ಅವರು ಮಿಷನ್ನು ಎತ್ತಿಕೊಂಡು ನಾಲ್ಕೂ ಮೆಟ್ಟಿಲು ಇಳಿದರು, ಚರಂಡಿ ದಾಟಿದರು, ನೂರು ಹೆಜ್ಜೆ ನಡೆದು ಅರಳಿಕಟ್ಟೆ ಹತ್ತಿರ ಹೋದರು. ಅಲ್ಲಿ ಸಿಗ್ನಲ್ ಸಿಕ್ಕಿತು. ಕುರ್ಚಿ ಹಾಕಿಸಿಕೊಂಡು ಸಂಜೆವರೆಗೆ ಊರಿನ ಜನರ ಹೆಬ್ಬೆಟ್ಟು ಒತ್ತಿಸಿಕೊಂಡರು. ಅಕ್ಕ ಸೈಕಲ್ಲಿನ ಮೇಲೆ ಕೂತೇ ಕೈ ಚಾಚಿ ತಂಬ್ ಕೊಟ್ಟು, ಎರಡು ನಿಮಿಷದಲ್ಲಿ ಮನೆಗೆ ಬಂದಳು. ಅಷ್ಟು ವರ್ಷದಲ್ಲಿ ಸೀರೆಗೆ ಮಣ್ಣಾಗದೆ ಅವಳು ರೇಷನ್ನಿಗೆ ಹೋಗಿ ಬಂದದ್ದು ಅದೊಂದೇ ಸಲ.

ಕೈಯಲ್ಲಿ ಹಿಡಿದು ಓಡಾಡಲೆಂದೇ ಮಾಡಿದ ಮಿಷನ್ನು ಅದು. ಬ್ಯಾಟರಿ ಇದೆ, ಸಿಮ್ ಇದೆ. ಸಿಗ್ನಲ್ಲಿಗೋಸ್ಕರ ನೂರು ಹೆಜ್ಜೆ ಹೋಗುವ ಮಿಷನ್ನು ಅಕ್ಕನಿಗೋಸ್ಕರ ನಾಲ್ಕು ಮೆಟ್ಟಿಲು ಇಳಿಯಬಹುದಿತ್ತು. ಅದಕ್ಕೆ ಹಣ ಬೇಡ, ಸಿಮೆಂಟು ಬೇಡ, ಎಂಜಿನಿಯರು ಬೇಡ. ಇಂಥ ಸಣ್ಣ ಬದಲಾವಣೆಗೂ ಕಾಯ್ದೆಯಲ್ಲಿ ಜಾಗವಿದೆ. ಹೆಚ್ಚಿನ ಹೊರೆಯಾಗದ, ವ್ಯಕ್ತಿಗೆ ತಕ್ಕ ಹೊಂದಾಣಿಕೆಯನ್ನು ಮಾಡಿಕೊಡಲು ಸರ್ಕಾರ ಕ್ರಮ ಕೈಗೊಳ್ಳಬೇಕು ಎಂದು ಅದು ಹೇಳುತ್ತದೆ.

ಅಂಗಡಿಯವರ ಕಷ್ಟವನ್ನೂ ಹೇಳಬೇಕು. ಕಮಿಷನ್ ತಿಂಗಳುಗಟ್ಟಲೆ ಬರುವುದಿಲ್ಲ, ಹಮಾಲಿ ಕೂಲಿ ಕೈಯಿಂದ ಹೋಗುತ್ತದೆ, ಸರ್ವರ್ ಕೆಟ್ಟರೆ ಬೈಸಿಕೊಳ್ಳುವುದು ನಾವು ಎಂದು ಅವರು ನಮ್ಮ ಜೊತೆ ಅರ್ಧ ಗಂಟೆ ಮಾತಾಡಿದರು. ಸುಳ್ಳೇನೂ ಅಲ್ಲ. ಆದರೆ ತೂಕದಲ್ಲಿ ಹಿಡಿಯುವುದಕ್ಕೂ, ಹೊರಗೆ ನಿಂತವರನ್ನು ಮಾತಾಡಿಸದೆ ಇರುವುದಕ್ಕೂ ಕಮಿಷನ್ ಕಾರಣ ಅನ್ನುವುದನ್ನು ನಾವು ಒಪ್ಪಲಿಲ್ಲ. ಅವರ ಬಾಗಿಲಿಗೆ ರ‍್ಯಾಂಪ್ ಒಂದು ಆಗಲೇ ಇದೆ. ಪಕ್ಕದಲ್ಲಿ ಬೈಕು ಒಳಗೆ ತಳ್ಳಲು ಹಾಕಿಸಿದ ಗಾರೆಯ ಇಳಿಜಾರು, ನಾಲ್ಕು ಅಡಿ ಉದ್ದ. ಅದರಲ್ಲಿ ಸೈಕಲ್ಲು ಹತ್ತಿಸಿದರೆ ಹಿಂದಕ್ಕೆ ಉರುಳುತ್ತದೆ. ಗಾಲಿಕುರ್ಚಿ ಹತ್ತುವ ಇಳಿಜಾರಿಗೆ ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಬೇಕು. 28 ಇಂಚಿಗೆ 28 ಅಡಿ. ಆ ಬೀದಿಯಲ್ಲಿ ಅಷ್ಟು ಜಾಗವಿಲ್ಲ.

ಹಾಗಾಗಿ ರ‍್ಯಾಂಪ್ ಕಟ್ಟಿ ಎಂದು ನಾವು ಅರ್ಜಿ ಬರೆಯಲಿಲ್ಲ. ಅಕ್ಕನ ಜೊತೆ ಕೂತು, ಅವಳು ಹೇಳಿದ ಹಾಗೆ ಬರೆದೆವು. ಒಂದು, ಹಂಚುವ ದಿನ ಮತ್ತು ಹೊತ್ತನ್ನು ಮೊದಲೇ ಬೋರ್ಡಿನಲ್ಲಿ ಬರೆಯಬೇಕು. ಎರಡು, ಮೆಟ್ಟಿಲು ಹತ್ತಲಾಗದವರಿಗೆ ಮಿಷನ್ನನ್ನೂ ತಕ್ಕಡಿಯನ್ನೂ ಕೆಳಗೆ ತರಬೇಕು. ಮೂರು, ತಂಬ್ ಕೊಟ್ಟ ದಿನವೇ ಚೀಟಿಯ ಜೊತೆ ಧಾನ್ಯ ಕೊಡಬೇಕು. ನಾಲ್ಕು, ಪಂಚಾಯಿತಿಯ ಹಳೇ ಕಟ್ಟಡ ರಸ್ತೆಯ ಮಟ್ಟಕ್ಕಿದೆ, ಬೀಗ ಹಾಕಿಕೊಂಡು ಖಾಲಿ ಬಿದ್ದಿದೆ, ಹಂಚಿಕೆಯನ್ನು ಅಲ್ಲಿಗೆ ವರ್ಗಾಯಿಸಬೇಕು. ತಾಲ್ಲೂಕು ಕಚೇರಿಯ ಆಹಾರ ಶಾಖೆಗೆ ಒಂದು ಪ್ರತಿ, ಪಂಚಾಯಿತಿಗೆ ಒಂದು ಪ್ರತಿ ಕೊಟ್ಟು ಸ್ವೀಕೃತಿ ಹಾಕಿಸಿಕೊಂಡೆವು. 1967ಕ್ಕೂ ಫೋನ್ ಮಾಡಿ ದೂರು ಬರೆಸಿದೆವು. ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ತಾವೂ ಸಹಿ ಹಾಕಿದರು. ಅವರೂ ಕೋಲು ಹಿಡಿದು ನಡೆಯುವವರು, ಅದೇ ಮೆಟ್ಟಿಲು ಹತ್ತುವವರು.

ಆಹಾರ ನಿರೀಕ್ಷಕರು ಒಂದು ದಿನ ಬಂದು ಹೋದರು. ಅಕ್ಕನನ್ನು ನೋಡಿ, ‘ನಿಮಗೆ ಮನೆಗೇ ಕಳಿಸೋ ಹಾಗೆ ಹೇಳ್ತೀನಿ ಬಿಡಮ್ಮ’ ಅಂದರು. ಅಕ್ಕ ಕೈಮುಗಿದು, ‘ಎದ್ದು ಕೂರಕ್ಕಾಗದವ್ರಿಗೆ ಕಳಿಸಿ ಸಾರ್, ಪುಣ್ಯ ಬರತ್ತೆ. ನಾನು ಬತ್ತೀನಿ. ನನಗೆ ತಕ್ಕಡಿ ಕಾಣಬೇಕು’ ಅಂದಳು. ಅವರು ಅದನ್ನೂ ಬರೆದುಕೊಂಡರು.

ಆಮೇಲಿನ ತಿಂಗಳಿನಿಂದ ಮಿಷನ್ನು ಕೆಳಗೆ ಬರುತ್ತಿದೆ, ಅಕ್ಕ ಕೂಗಿದರೆ. ತಕ್ಕಡಿ ಇನ್ನೂ ಮೇಲೆಯೇ ಇದೆ. ಬೋರ್ಡಿನಲ್ಲಿ ದಿನ ಬರೆದಿಲ್ಲ. ಹಳೇ ಕಟ್ಟಡದ ವಿಷಯ ಪಂಚಾಯಿತಿಯ ಮುಂದಿನ ಸಭೆಗೆ ಇಡುತ್ತೇವೆ ಅಂದಿದ್ದಾರೆ. ಸ್ವಂತ ಸಂಪನ್ಮೂಲದ ಶೇ 5ರಷ್ಟನ್ನು ಪಂಚಾಯಿತಿ ವಿಕಲಚೇತನರಿಗೆಂದು ಖರ್ಚು ಮಾಡಬೇಕು, ಅದರಲ್ಲಿ ಆ ಕಟ್ಟಡದ ಬಾಗಿಲು, ಕಂಬಿ ಸರಿಮಾಡಿಸಿ ಎಂದು ಕೇಳಲು ಆ ಸಭೆಗೆ ಅಕ್ಕನೇ ಹೋಗುತ್ತಾಳೆ. ಪಂಚಾಯಿತಿ ಕಚೇರಿಗೆ ಎರಡು ಮೆಟ್ಟಿಲು. ಪಕ್ಕದಲ್ಲಿ ರ‍್ಯಾಂಪ್ ಇದೆ, ಅದರ ಮೇಲೆ ಜಲ್ಲಿ ಸುರಿದಿದ್ದಾರೆ. ಸಭೆಯ ಹಿಂದಿನ ದಿನ ನಾವಿಬ್ಬರೂ ಊರಿಗೆ ಹೋಗುತ್ತೇವೆ. ಜಲ್ಲಿ ತೆಗೆಸುವುದು ಮೊದಲ ಕೆಲಸ.

ಓದಿದವರಲ್ಲಿ ನಮ್ಮದೊಂದು ಕೋರಿಕೆ. ಮುಂದಿನ ಸಲ ನಿಮ್ಮೂರಿನ ಸೊಸೈಟಿಗೆ ಹೋದಾಗ ಮೆಟ್ಟಿಲು ಎಣಿಸಿ, ಒಂದರ ಎತ್ತರ ಅಳೆಯಿರಿ. ಹೊರಗೆ ಬಿಸಿಲಲ್ಲಿ ಯಾರಾದರೂ ಕಾಯುತ್ತಿದ್ದರೆ ಅವರ ಚೀಲ ಇಸಿದುಕೊಂಡು ಒಳಗೆ ಹೋಗುವ ಮೊದಲು, ಮಿಷನ್ನು ಕೆಳಗೆ ತನ್ನಿ ಎಂದು ಒಳಗಿನವರಿಗೆ ಹೇಳಿ. ಅಕ್ಕ ಒಬ್ಬಳೇ ಕೂಗುವುದಕ್ಕಿಂತ ಸಾಲಿನಲ್ಲಿ ನಿಂತವರೆಲ್ಲ ಕೂಗಿದರೆ ಬೇಗ ಕೇಳಿಸುತ್ತದೆ.