ಬಾಗಿಲಿಲ್ಲದ ಮನೆ

ಏಳೆಂಟು ವರ್ಷದ ಮಗುವಿಗೂ ದುಃಖ, ಭಯ, ಅಸೂಯೆಗಳು ದೊಡ್ಡವರಷ್ಟೇ ಇರುತ್ತವೆ. ಹೇಳಿಕೊಳ್ಳಲು ಪದಗಳು ಮಾತ್ರ ಸಾಲವು. ಪ್ರಾಥಮಿಕ ಶಾಲೆಯಲ್ಲಿ ಮೂವತ್ತು ವರ್ಷಗಳಿಗೂ ಮಿಕ್ಕಿ ದುಡಿದ ನಾನು ಚಿತ್ರಕಲೆಯ ಅವಧಿಯನ್ನು ಅಷ್ಟೊಂದು ಹಟದಿಂದ ಉಳಿಸಿಕೊಂಡದ್ದು ಈ ಕಾರಣಕ್ಕಾಗಿಯೇ.

ಚಿತ್ರ ಬರೆಯಿರಿ ಎಂದರೆ ಸಾಕು, ಇಡೀ ತರಗತಿ ಎರಡು ಗುಡ್ಡ, ನಡುವೆ ಉದಯಿಸುವ ಸೂರ್ಯ, ಹರಿಯುವ ಹೊಳೆ, ಒಂದು ಗುಡಿಸಲು, ಪಕ್ಕದಲ್ಲಿ ತೆಂಗಿನ ಮರ ಬರೆದು ಮುಗಿಸುತ್ತಿತ್ತು. ಅದು ಕೈಯ ರೂಢಿ. ಅದರಲ್ಲಿ ಬರೆದ ಮಗು ಕಾಣುತ್ತಿರಲಿಲ್ಲ. ಆದ್ದರಿಂದ ನಾನು ಬರಿಯ ಗೆರೆಗಳಿಂದ ಆರಂಭಿಸುತ್ತಿದ್ದೆ. ಸಿಟ್ಟು ಬಂದಾಗ ಗೆರೆ ಹೇಗೆ ಓಡುತ್ತದೆ? ಅವ್ವ ಸಂತೆಯಿಂದ ಬರುವುದು ತಡವಾದಾಗ? ಬಳಪ ಮುರಿಯುವಂತೆ ಒತ್ತಿ ಗೀಚುವವರೂ, ಸ್ಲೇಟಿಗೆ ತಾಗಿಯೂ ತಾಗದಂತೆ ಎಳೆಯುವವರೂ ಇದ್ದರು. ಗೆರೆಯಾದ ಮೇಲೆ ಬಣ್ಣ. ಕೊಳ್ಳಲು ಹಣವಿಲ್ಲದಾಗ ಇದ್ದಿಲು, ಕೆಮ್ಮಣ್ಣು, ಅರಿಶಿನ, ಬಟ್ಟೆಗೆ ಹಾಕುವ ನೀಲಿ ಒದಗುತ್ತಿದ್ದವು.

ನಿಯಮಗಳು ಮೂರೇ. ಅಂಕ ಕೊಡುವಂತಿಲ್ಲ. ಮಗುವಿನ ಗೆರೆಯ ಮೇಲೆ ಮಾಸ್ತರರ ಕೈ ಆಡುವಂತಿಲ್ಲ. ‘ಇದೇನು?’ ಎಂದು ಕೇಳದೆ ‘ಇದರ ಬಗ್ಗೆ ಹೇಳು’ ಎನ್ನಬೇಕು. ಮೊದಲನೆಯದು ಮಗುವನ್ನು ಪರೀಕ್ಷೆಗೆ ನಿಲ್ಲಿಸುವ ಪ್ರಶ್ನೆ.

2003ರಲ್ಲಿ ನಾನು ಬಾಗಲಕೋಟೆ ಜಿಲ್ಲೆಯ ಒಂದು ಪುನರ್ವಸತಿ ಕೇಂದ್ರದ ಶಾಲೆಯಲ್ಲಿದ್ದೆ. ಆಲಮಟ್ಟಿ ಜಲಾಶಯದ ಹಿನ್ನೀರಿನಲ್ಲಿ ಮುಳುಗಿದ ಹಳ್ಳಿಗಳ ಮಕ್ಕಳೇ ಅಲ್ಲಿ ಹೆಚ್ಚು. ಮೂರನೆಯ ತರಗತಿಗೆ ಸೇರಿದ ಹುಡುಗಿಯೊಬ್ಬಳು ಹಲವು ವಾರ ಬಾಯಿ ಬಿಟ್ಟಿರಲಿಲ್ಲ. ಒಂದು ದಿನ ‘ನಿಮಗೆ ನೆನಪಾಗುವ ಜಾಗ’ ಎಂದು ವಿಷಯ ಕೊಟ್ಟೆ. ಅವಳು ಹಾಳೆಯ ತುಂಬ ನೀಲಿ ಬಳಿದು, ಅದರ ತಳದಲ್ಲಿ ಒಂದು ಮನೆ, ಬೇವಿನ ಮರ, ಎಮ್ಮೆ ಕಟ್ಟುವ ಗೂಟ ಬರೆದಳು. ‘ಮನಿಗೆ ಬಾಗಲಾನ ಇಲ್ಲ!’ ಎಂದು ಪಕ್ಕದವರು ನಕ್ಕರು.

‘ಇದರ ಬಗ್ಗೆ ಹೇಳವಾ’ ಎಂದೆ.

‘ನಮ್ಮ ಮನಿರೀ ಸರ್. ಈಗ ನೀರಿನ ತಳಗ ಐತಿ. ಬಾಗಲಾ ಕಿತ್ಕೊಂಡು ಬಂದೀವ್ರಿ.’

ನಗು ನಿಂತಿತು. ನಕ್ಕವರ ಮನೆಯವರೂ ಊರು ಬಿಡುವಾಗ ಬಾಗಿಲು, ತೊಲೆಗಳನ್ನು ಕಳಚಿ ತಂದವರೇ. ಪುಸ್ತಕ ಓದಿದವರು ಬಾಗಿಲಿಲ್ಲದ ಮನೆಯನ್ನು ಕಂಡೊಡನೆ ‘ಮುಚ್ಚಿದ ಮನಸ್ಸು’ ಎಂದು ಅರ್ಥ ಹೇಳಿಯಾರು. ಅವಳ ಬಾಗಿಲಾದರೋ ಹೊಸ ಮನೆಯ ಚೌಕಟ್ಟಿನಲ್ಲಿ ಭದ್ರವಾಗಿತ್ತು! ಚಿತ್ರದ ಮೂಲೆಯಲ್ಲಿ ತನ್ನ ಹೆಸರಿನೊಂದಿಗೆ ಮುಳುಗಿದ ಊರಿನ ಹೆಸರನ್ನೂ ಅವಳು ಬರೆದಳು. ಮುಂದಿನ ವಾರ ಉಳಿದವರೂ ತಂತಮ್ಮ ಊರುಗಳನ್ನು ಬರೆದರು. ನೀಲಿ ಸಾಲದಾಯಿತು.

ಹೀಗೆ ಹೆಸರು ಬರೆಸುವುದರ ಬೆಲೆ ಎಷ್ಟೆಂಬುದು ಫ್ರೀಡಲ್ ಡಿಕರ್ ಬ್ರಾಂಡೈಸ್ ಎಂಬ ಕಲಾವಿದೆಯ ಬಗ್ಗೆ ಮುಂದೆ ಓದಿದಾಗ ಇನ್ನಷ್ಟು ತಿಳಿಯಿತು. ನಾಜಿಗಳು 1942ರಲ್ಲಿ ಆಕೆಯನ್ನು ಟೆರೆಜಿನ್‌ನಲ್ಲಿ ಕೂಡಿಹಾಕಿದರು. ಅಲ್ಲಿ ಆಕೆ ಯಹೂದಿ ಮಕ್ಕಳಿಗೆ ಚಿತ್ರಕಲೆ ಕಲಿಸಿದರು. ಪ್ರತಿ ಚಿತ್ರಕ್ಕೂ ಮಗುವಿನ ಕೈಯಿಂದಲೇ ಹೆಸರು ಬರೆಸಿದರು. 1944ರಲ್ಲಿ ಔಶ್ವಿಟ್ಜ್‌ನಲ್ಲಿ ಆಕೆಯ ಕೊಲೆಯಾಯಿತು. ಎರಡು ಸೂಟ್‌ಕೇಸುಗಳಲ್ಲಿ ಅಡಗಿಸಿಟ್ಟಿದ್ದ ಸುಮಾರು 4,500 ಚಿತ್ರಗಳು ಉಳಿದು, ಪ್ರಾಗ್‌ನ ಯಹೂದಿ ವಸ್ತುಸಂಗ್ರಹಾಲಯವನ್ನು ಸೇರಿದವು. ಬರೆದ ಮಕ್ಕಳಲ್ಲಿ ಬಹುಪಾಲು ಮಂದಿ ಉಳಿಯಲಿಲ್ಲ. ಆ ಕ್ರೌರ್ಯಕ್ಕೆ ನಮ್ಮ ಮುಳುಗಡೆಯನ್ನು ನಾನು ಹೋಲಿಸುತ್ತಿಲ್ಲ. ಮಗು ಕಂಡದ್ದು ಮಗುವಿನ ಹೆಸರಿನಲ್ಲೇ ಉಳಿಯಬೇಕೆಂಬುದಷ್ಟೇ ನನ್ನ ಮಾತು.

ಹತ್ತನೆಯ ತರಗತಿಯವರೆಗೆ ಕಲೆಯನ್ನು ಕಡ್ಡಾಯ ವಿಷಯವಾಗಿಸಬೇಕೆಂದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹೇಳಿತು. ಆದರೂ ಪರೀಕ್ಷೆ ಹತ್ತಿರವಾದರೆ ಗಣಿತಕ್ಕೆ ಮೊದಲು ಬಲಿಯಾಗುವುದು ಚಿತ್ರಕಲೆಯ ಅವಧಿಯೇ. ನನ್ನ ವಿದ್ಯಾರ್ಥಿಗಳಾದ ನಿಮ್ಮಲ್ಲಿ ಅನೇಕರು ಈಗ ತಂದೆತಾಯಿಗಳು, ಕೆಲವರು ಶಿಕ್ಷಕರು. ಮನೆಯ ಮಗು ಚಿತ್ರ ತಂದು ತೋರಿಸಿದಾಗ ‘ಚೆನ್ನಾಗಿದೆ’ ಎಂದು ಹೇಳಿ ಅತ್ತ ತಿರುಗಬೇಡಿ. ಆಕಾಶ ಕೆಂಪಾಗಿದ್ದರೆ ಕೆಂಪಾಗಿಯೇ ಇರಲಿ. ಐದು ನಿಮಿಷ ಪಕ್ಕದಲ್ಲಿ ಕುಳಿತು, ಅದರ ಬಗ್ಗೆ ಹೇಳು ಎನ್ನಿ. ಮಗು ಹೇಳಿ ಮುಗಿಸುವವರೆಗೂ ಕೇಳಿ.