ಧ್ರುವದ ಒಳದಾರಿ

ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊ ಎಷ್ಟು ದೂರ? ಸುಮಾರು 14,000 ಕಿಲೋಮೀಟರ್ ಎಂದು ಫೋನು ಥಟ್ಟನೆ ಹೇಳಿಬಿಡುತ್ತದೆ. ಯಾವ ದಿಕ್ಕಿಗೆ ಹೋಗಬೇಕು ಎಂದು ಕೇಳಿದರೆ ಮಾತ್ರ ಮನೆಯಲ್ಲಿ ಎರಡು ಪಕ್ಷ. ಜಪಾನ್ ದಾಟಿ ಪೂರ್ವಕ್ಕೆ ಎಂದು ಒಬ್ಬರು, ಯುರೋಪಿನ ಮೇಲೆ ಪಶ್ಚಿಮಕ್ಕೆ ಎಂದು ಇನ್ನೊಬ್ಬರು. ಶಾಲೆಯ ಗೋಡೆಗೆ ತೂಗುಹಾಕಿದ ಭೂಪಟ ಇಬ್ಬರಿಗೂ ಸಾಕ್ಷಿ ಹೇಳುತ್ತದೆ.

ಗ್ಲೋಬು ಹೇಳುವುದೇ ಬೇರೆ. ದೇವನಹಳ್ಳಿಯ ಮೇಲೆ ದಾರದ ಒಂದು ತುದಿ ಒತ್ತಿಹಿಡಿದು ಇನ್ನೊಂದನ್ನು ಕ್ಯಾಲಿಫೋರ್ನಿಯಾದ ಕಡಲಂಚಿಗೆ ಬಿಗಿಯಾಗಿ ಎಳೆಯಬೇಕು. ದಾರ ಹೆಚ್ಚುಕಡಿಮೆ ಉತ್ತರಕ್ಕೇ ಏರುತ್ತದೆ: ಟಿಬೆಟ್, ಚೀನಾ, ಸೈಬೀರಿಯಾ, ಆಮೇಲೆ ಅಲಾಸ್ಕಾ. ಎರಡೂ ಊರಿನ ರೇಖಾಂಶಗಳು ಭೂಮಿಯ ಆಚೆಬದಿ ಈಚೆಬದಿ ಎಂಬಷ್ಟು ದೂರವಿರುವುದರಿಂದ ಹತ್ತಿರದ ದಾರಿ ಭೂಮಿಯ ನೆತ್ತಿಯ ಪಕ್ಕದಲ್ಲೇ ಹಾದುಹೋಗುತ್ತದೆ. ಧ್ರುವವನ್ನು ಮುಟ್ಟಿಯೇ ಹೋಗುತ್ತೇನೆಂದರೂ ಹೆಚ್ಚಾಗುವುದು 400 ಕಿ.ಮೀ. ಒಳಗೇ, ಬಸ್ಸಿನಲ್ಲಿ ಮಂಗಳೂರಿಗೆ ಹೋದಷ್ಟು.

2021ರ ಜನವರಿಯಲ್ಲಿ ಕ್ಯಾಪ್ಟನ್ ಜೋಯಾ ಅಗರ್ವಾಲ್ ಮತ್ತು ಜೊತೆಯ ಮೂವರು ಮಹಿಳಾ ಪೈಲಟ್‌ಗಳು ಹೋದದ್ದು ಹಾಗೆಯೇ. ಏರ್ ಇಂಡಿಯಾದ ಬೋಯಿಂಗ್ 777 ಶನಿವಾರ, 9ನೇ ತಾರೀಕು ರಾತ್ರಿ ಸ್ಯಾನ್ ಫ್ರಾನ್ಸಿಸ್ಕೊ ಬಿಟ್ಟು ಉತ್ತರ ಧ್ರುವದ ಮೇಲೆ ಹಾರಿ, ಸೋಮವಾರ ನಸುಕಿಗೆ ಬೆಂಗಳೂರಿನಲ್ಲಿ ಇಳಿಯಿತು. ಹಾರಾಟ ಸುಮಾರು 17 ಗಂಟೆ. ರಜೆಯ ಭಾನುವಾರವನ್ನು ಸೀಟಿನಲ್ಲೇ ಕಳೆದವರ ಬಗ್ಗೆ ಯಾರೂ ಕನಿಕರಪಟ್ಟಂತಿಲ್ಲ.

ದಾರ ತೋರಿಸಿದ ಗೆರೆಯ ಮೇಲೇ ಹಾರಲು ಏನಡ್ಡಿ? ಒಂದು ಅಡ್ಡಿ ಟಿಬೆಟ್. ವಿಮಾನದೊಳಗಿನ ಗಾಳಿಯ ಒತ್ತಡ ಕುಸಿದರೆ ಪೈಲಟ್ ಬೇಗನೆ 10,000 ಅಡಿಗೆ ಇಳಿಸಬೇಕು. ಅಲ್ಲಿನ ನೆಲವೇ ಸರಾಸರಿ 14,000 ಅಡಿ ಮೀರಿದೆ! ಇಳಿಯುವುದೆಲ್ಲಿಗೆ? ಇನ್ನು ಧ್ರುವದ ಕಡೆ ಹೋದರೆ ಚಳಿಯ ಕಾಟ. ಜೆಟ್ ಎ-1 ಇಂಧನ ಮೈನಸ್ 47 ಡಿಗ್ರಿಯ ಹೊತ್ತಿಗೆ ಹೆಪ್ಪುಗಟ್ಟತೊಡಗುವುದರಿಂದ ಟ್ಯಾಂಕಿನ ಉಷ್ಣತೆಯ ಮೇಲೆ ಕಣ್ಣಿಟ್ಟೇ ಹಾರಬೇಕು.

ಹತ್ತಿರದ ದಾರಿಯೇ ಬೇಗ ಮುಟ್ಟಿಸುತ್ತದೆ ಎಂಬುದೂ ಅಷ್ಟು ಸರಿಯಲ್ಲ. 2016ರ ಅಕ್ಟೋಬರಿನಲ್ಲಿ ಏರ್ ಇಂಡಿಯಾ ದೆಹಲಿ–ಸ್ಯಾನ್ ಫ್ರಾನ್ಸಿಸ್ಕೊ ವಿಮಾನವನ್ನು ಅಟ್ಲಾಂಟಿಕ್ ಬಿಡಿಸಿ ಪೆಸಿಫಿಕ್ ಮೇಲೆ ಕಳಿಸಿತು. ದೂರ 1,400 ಕಿ.ಮೀ. ಹೆಚ್ಚಾಗಿ 15,300ಕ್ಕೆ ಏರಿತು, ಪ್ರಯಾಣ ಮಾತ್ರ ಸುಮಾರು ಎರಡು ಗಂಟೆ ತಗ್ಗಿತು. ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಜೆಟ್ ಸ್ಟ್ರೀಮ್ ಅತ್ತ ಎದುರುಗಾಳಿ, ಇತ್ತ ಬೆನ್ನುಗಾಳಿ. ಮಗಳ ಬಾಣಂತನಕ್ಕೆಂದು ಚಟ್ನಿಪುಡಿ ಕಟ್ಟಿಕೊಂಡು ಹೊರಟ ತಾಯಂದಿರು ಕಿಲೋಮೀಟರ್ ಕೇಳುವುದಿಲ್ಲ. "ಎಷ್ಟ್ ಹೊತ್ತಾಗತ್ತಪ್ಪಾ, ಕಾಲು ಊದ್ಕೊಳತ್ತೆ" ಅನ್ನುತ್ತಾರೆ. ಅವರ ಲೆಕ್ಕವೇ ಪಕ್ಕಾ.

ಗಾಳಿಯಾದರೂ ಋತು ನೋಡಿ ಬದಲಾಗುತ್ತದೆ, ರಾಜಕೀಯಕ್ಕೆ ಅದೂ ಇಲ್ಲ. 2022ರಲ್ಲಿ ರಷ್ಯಾದ ಆಕಾಶ ಮುಚ್ಚಿದ ಮೇಲೆ ಫಿನ್‌ಏರ್‌ನ ಹೆಲ್ಸಿಂಕಿ–ಟೋಕಿಯೊ ಪ್ರಯಾಣ ಒಂಬತ್ತು ಚಿಲ್ಲರೆ ಗಂಟೆಯಿಂದ ಹದಿಮೂರರ ಹತ್ತಿರಕ್ಕೆ ಹೋಯಿತು. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ಭಾರತದ ವಿಮಾನಗಳಿಗೆ ದಾರಿ ಮುಚ್ಚಿತು. ಊರುಗಳ ನಡುವಿನ ಅಂತರ ಒಂದಿಂಚೂ ಹೆಚ್ಚಿರಲಿಲ್ಲ. ಆದರೂ ದೆಹಲಿಯಿಂದ ಅಮೆರಿಕಕ್ಕೆ ಹೊರಟ ಕೆಲವು ವಿಮಾನಗಳು ಇಂಧನಕ್ಕಾಗಿ ವಿಯೆನ್ನಾದಲ್ಲಿ ಇಳಿಯಬೇಕಾಯಿತು.